ಬೇಲಿಗೆ ಅನುದಾನ, ಬೆಳೆಗೆ ಬರ

ಬೆಟಗೇರಿಯಲ್ಲಿ ನಿಂತು 'ಸೆಟ್ಲಮೆಂಟ ಎಲ್ಲಿ?' ಎಂದು ಯಾರನ್ನು ಕೇಳಿದರೂ ಕೈಯೆತ್ತಿ ದಿಕ್ಕು ತೋರಿಸುವರು. ಟಪಾಲಿನವನಿಗೆ ಅದೊಂದು ವಿಳಾಸ. ಶಾಲೆಯ ಮಾಸ್ತರರಿಗೆ ದಾಖಲೆಪುಸ್ತಕದಲ್ಲಿ ಬರೆಯುವ ಒಂದು ಮಾತು. ಹುಬ್ಬಳ್ಳಿಯಲ್ಲಿಯೂ ಇದೇ ಹೆಸರಿನ ಕೇರಿಯುಂಟು, ಸೊಲ್ಲಾಪುರದಲ್ಲಿಯೂ ಉಂಟು. ಕುಮಾರವ್ಯಾಸನು ಭಾರತವನ್ನು ಹಾಡಿದ ಊರಿನಲ್ಲಿ ಈ ಇಂಗ್ಲಿಷು ಹೆಸರು ಹೇಗೆ ಬಂದು ಕುಳಿತಿತೆಂದು ವಿಚಾರಿಸುವವರು ಮಾತ್ರ ವಿರಳ. ಅದು ಕನ್ನಡಿಗರು ಇಟ್ಟ ಹೆಸರಲ್ಲ. ಪರಕೀಯ ಸರಕಾರವು 'ಅಪರಾಧ-ನಿವಾರಣೆ'ಗಾಗಿ ಮಂಜೂರು ಮಾಡಿದ ಹಣದಿಂದ ಹಾಕಿಸಿದ ಬೇಲಿಯ ಹೆಸರು ಅದು. ಬೇಲಿ ಕಿತ್ತು ಮುಕ್ಕಾಲು ಶತಮಾನವಾಯಿತು, ಹೆಸರು ಉಳಿಯಿತು. ಹೆಸರಿನೊಡನೆ ಇನ್ನೂ ಏನೇನು ಉಳಿದಿದೆ ಎಂಬುದೇ ಇಂದಿನ ವಿಚಾರ.

ಅಪರಾಧಗಳನ್ನು ತಡೆಯುವದಕ್ಕೆಂದು, ನ್ಯಾಯದಾನವನ್ನು ಸುಧಾರಿಸುವದಕ್ಕೆಂದು ದಿಲ್ಲಿಯಿಂದಲೂ ಬೆಂಗಳೂರಿನಿಂದಲೂ ಕೋಟಿಗಟ್ಟಲೆ ಹಣದ ತರತೂದು ಆಗುತ್ತ ಬಂದಿದೆ. ಹಣ ಬೇಡವೆಂದು ನಾವು ಹೇಳುವವರಲ್ಲ. ಪೋಲೀಸರಿಲ್ಲದೆ, ನ್ಯಾಯಾಲಯವಿಲ್ಲದೆ ನಾಗರಿಕ ಜೀವನವು ನಡೆಯಲಾರದು. ಆದರೆ ಪ್ರಜೆಗಳ ಕಂದಾಯದಿಂದ ಹೋಗುವ ಹಣವು ಯಾರ ಕೈಗೆ ಹೋಗುವದು, ಯಾರ ಮೇಲೆ ಪ್ರಯೋಗವಾಗುವದು, ಯಾರಿಗೆ ತಲುಪದೆ ಉಳಿಯುವದು ಎಂಬ ಮೂರು ಪ್ರಶ್ನೆಗಳನ್ನು ಕೇಳುವದು ಪ್ರಜೆಗಳ ಹಕ್ಕು. ಈ ಪ್ರಶ್ನೆಗಳನ್ನು ಕೇಳುವದಕ್ಕೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಗಿಂತ ತಕ್ಕ ಸ್ಥಳವು ಕರ್ನಾಟಕದಲ್ಲಿ ಇನ್ನೊಂದಿಲ್ಲವೆಂದು ನಮ್ಮ ಮತ. ಅದೇಕೆಂಬುದನ್ನು ವಾಚಕರು ಮುಂದೆ ನೋಡುವರು.

ಹುಟ್ಟಿನಿಂದಲೇ ಕಳ್ಳರು!

1871ರಲ್ಲಿ ಇಂಗ್ಲಿಷ ಸರಕಾರವು 'ಅಪರಾಧಿ ಬುಡಕಟ್ಟುಗಳ ಕಾಯದೆ'ಯನ್ನು ಮಾಡಿತು. ಮೊದಲು ಉತ್ತರ ಹಿಂದುಸ್ಥಾನದಲ್ಲಿ ಜಾರಿಗೆ ಬಂದ ಈ ಕಾಯದೆಯು 1911ರಲ್ಲಿ ಹೊಸ ರೂಪ ತಾಳಿ ಮುಂಬಯಿ, ಮದ್ರಾಸ ಇಲಾಖೆಗಳಿಗೂ ಬಂದಿತು. 1924ರಲ್ಲಿ ಮತ್ತೆ ಒಟ್ಟುಗೂಡಿಸಲ್ಪಟ್ಟಿತು. ಇದರ ಸಾರವೇನು? ಒಂದು ಜಾತಿಯ ಹೆಸರನ್ನು ಸರಕಾರವು ಗ್ಯಾಝೆಟಿನಲ್ಲಿ ಪ್ರಕಟಿಸಿದರೆ ಸಾಕು. ಆ ಜಾತಿಯಲ್ಲಿ ಹುಟ್ಟಿದ ಪ್ರತಿಯೊಬ್ಬನೂ ಸಂಶಯಾಸ್ಪದನು. ಆ ಪ್ರಕಟನೆಯು ಸರಿಯೋ ತಪ್ಪೋ ಎಂದು ಯಾವ ನ್ಯಾಯಾಲಯವೂ ವಿಚಾರಿಸಕೂಡದು! ಹೆಸರು ನೋಂದಿಸಬೇಕು, ಬೆರಳಿನ ಗುರುತು ಕೊಡಬೇಕು, ಗೊತ್ತಾದ ಹೊತ್ತಿಗೆ ಹಾಜರಿ ಹೇಳಬೇಕು, ಊರು ಬಿಡಬೇಕಾದರೆ ಪರವಾನಿಗೆಯ ಚೀಟಿ ಬೇಕು. ಕೆಲವು ಬಗೆಯ ಅಪರಾಧಗಳಲ್ಲಿ ಎರಡನೆಯ ಸಲ ಶಿಕ್ಷೆಯಾದರೆ ಏಳು ವರುಷಕ್ಕೆ ಕಡಿಮೆಯಿಲ್ಲದ ಸೆರೆ. ಮೂರನೆಯ ಸಲಕ್ಕೆ ಆಜನ್ಮ ಕರಿನೀರು. ತಾಯಿತಂದೆಗಳಿಂದ ಮಕ್ಕಳನ್ನು ಅಗಲಿಸಿ ಬೇರೆ ಶಾಲೆಯಲ್ಲಿಡುವ ಅಧಿಕಾರವೂ ಸರಕಾರಕ್ಕಿತ್ತು. ಕದ್ದವನು ಕಳ್ಳನೆಂಬುದು ಲೋಕದ ನ್ಯಾಯ. ಕಳ್ಳನೆಂದು ನಾವು ಕರೆದವನ ಮಗನೂ ಕಳ್ಳನೆಂಬುದು ಈ ಕಾಯದೆಯ ನ್ಯಾಯ!

ಈ ಜನರು ಯಾರು? ಲಂಬಾಣಿಗರು ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗಿಸಿದವರು. ಕೊರವರು ಉಪ್ಪು ಮಾರಿದವರು, ಬುಟ್ಟಿ ಹೆಣೆದವರು. ಹರಣಶಿಕಾರಿಗಳು ಅಡವಿಯ ಬೇಟೆಯಿಂದ ಬದುಕಿದವರು. ಹಾದಿಗಳೂ ರೇಲ್ವೆಯೂ ಬಂದು ಎತ್ತಿನ ಹೇರು ನಿಂತಿತು. ಉಪ್ಪಿನ ಕರ ಬಂದು ಉಪ್ಪಿನ ವ್ಯಾಪಾರ ಮುರಿಯಿತು. ಅಡವಿಯ ಕಾಯದೆ ಬಂದು ಅಡವಿಯ ಬಾಗಿಲು ಮುಚ್ಚಿತು. ಗದಗು ರೇಲ್ವೆ ಜಂಕ್ಷನ್ನಾಗಿ, ಅರಳೆಯ ಪೇಟೆಯಾಗಿ ಬೆಳೆದುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುವೆವು. ಆ ಬೆಳವಣಿಗೆಯ ಗಾಲಿಯ ಕೆಳಗೆ ಯಾರ ಹೊಟ್ಟೆಯ ಪಾಡು ನುಗ್ಗಾಯಿತೆಂದು ಲೆಕ್ಕವಿಟ್ಟವರಿಲ್ಲ. ಕಸುಬನ್ನು ಕಳೆದವನೇ ಮರುದಿನ ಬಂದು, 'ನಿನಗೆ ಕಸುಬಿಲ್ಲ, ಆದ್ದರಿಂದ ನೀನು ಕಳ್ಳ' ಎಂದನು!

ಆಗ ಬಂದವು ಸೆಟ್ಲಮೆಂಟುಗಳು. ಮೊದಲು ವಿಜಾಪುರದಲ್ಲಿ, ಆಮೇಲೆ ಹುಬ್ಬಳ್ಳಿ, ಗದಗು, ಗೋಕಾಕ, ಸೊಲ್ಲಾಪುರ ಮುಂತಾದ ಕಡೆಗಳಲ್ಲಿ. ಮುಂಬಯಿ ಇಲಾಖೆಯಲ್ಲಿ ಇವುಗಳ ವ್ಯವಸ್ಥೆಯನ್ನು ಬೆಳೆಯಿಸಿದವರು ಸ್ಟಾರ್ಟ ಎಂಬ ಸಿವಿಲ್ ಅಧಿಕಾರಿಗಳು. ಕೆಲವು ಸೆಟ್ಲಮೆಂಟುಗಳನ್ನು ಸರಕಾರವೇ ನಡೆಸಿತು. ಕೆಲವನ್ನು ಸರಕಾರದ ಸಹಾಯಧನ ಪಡೆದು ಕ್ರೈಸ್ತ ಮಿಶನ್ನಿನವರು ನಡೆಸಿದರು. ನ್ಯಾಯವಾಗಿ ನುಡಿಯಬೇಕಾದರೆ, ಸ್ಟಾರ್ಟರು ಕೇವಲ ಬೇಲಿ ಹಾಕಿದವರಲ್ಲ. ಶಾಲೆಗಳನ್ನೂ ಸಹಕಾರಿ ಸಂಘಗಳನ್ನೂ ತೆರೆಯಿಸಿದರು. 1928ರಿಂದ 1930ರ ವರೆಗೆ ದಲಿತ ವರ್ಗಗಳ ಸ್ಥಿತಿಯನ್ನು ವಿಚಾರಿಸಿದ ಮುಂಬಯಿ ಸಮಿತಿಗೆ ಅವರೇ ಅಧ್ಯಕ್ಷರು; ಡಾ. ಅಂಬೇಡಕರರೂ ಅದರ ಸದಸ್ಯರು. ಆದರೆ ಬಂಗಾರದ ಸರಪಳಿಯೂ ಸರಪಳಿಯೇ. ಬೇಲಿಯೊಳಗಿನ ಶಾಲೆಯು ವಿದ್ಯೆಯನ್ನು ಕೊಡುವಾಗಲೇ, 'ನೀನು ಬೇಲಿಯೊಳಗಿನವನು' ಎಂಬ ಪಾಠವನ್ನೂ ಕಲಿಸುವದು. ಗಿರಣಿಗಳ ಒಡೆಯರಿಗೆ ಮಾತ್ರ ಲಾಭವಾಯಿತು. ಓಡಿ ಹೋಗಲಾರದ ಕೂಲಿಯಾಳುಗಳು ದೊರೆತರು. ಅಪರಾಧ-ನಿವಾರಣೆಯ ಹಣದಿಂದ ನಮ್ಮ ಸೀಮೆಯಲ್ಲಿ ಆದ ಮೊದಲನೆಯ ದೊಡ್ಡ ಪ್ರಯೋಗವಿದು.

ಹರಿದು ಹಂಚಿದ ನಾಡಿನಲ್ಲಿ ಅಲೆದಾಡುವವನ ಗತಿ

ಇದಕ್ಕೂ ಕರ್ನಾಟಕದ ಏಕೀಕರಣಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವು ನೇರವಾಗಿದೆ.

ಗದಗು, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿಯು ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನದ್ದು. ಮುಂಡರಗಿಯಿಂದ ಮುಂದೆ ತುಂಗಭದ್ರೆಯನ್ನು ದಾಟಿದರೆ ಮದ್ರಾಸ ಇಲಾಖೆ. ಕೊಪ್ಪಳದ ಕಡೆಗೆ ಹೊರಳಿದರೆ ನಿಜಾಮನ ರಾಜ್ಯ. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಯೆಂದು ಹೆಸರಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ, ಕೊಪಣವೇ ಕೊಪ್ಪಳ. ಕನ್ನಡದ ಆ ತಿರುಳನ್ನೇ ಕೊಯ್ದು ಐದು ಎಲೆಗಳಿಗೆ ಬಡಿಸಿದ್ದರು! ಗದಗಿನಿಂದ ಹಲವು ದಿಕ್ಕುಗಳಲ್ಲಿ ನಡೆದರೆ ಒಂದು ಸೀಮೆಯ ಕಲ್ಲನ್ನು ದಾಟಬೇಕಾಗುತ್ತಿತ್ತು.

ಊರಲ್ಲಿ ನೆಲೆನಿಂತ ಒಕ್ಕಲಿಗನಿಗೆ ಇದರ ಬಾಧೆ ಅಷ್ಟಾಗಿ ತಟ್ಟಲಿಲ್ಲ. ಆದರೆ ಅಲೆದಾಡಿ ಬದುಕುವವನಿಗೆ? ಶಿರಹಟ್ಟಿಯ ಫಕ್ಕೀರೇಶ್ವರರ ಜಾತ್ರೆಯಲ್ಲಿ ಬುಟ್ಟಿ ಮಾರಿ ಲಕ್ಷ್ಮೇಶ್ವರದ ಸಂತೆಗೆ ಹೋಗಿ ಮುಂಡರಗಿಯ ಕಡೆಗೆ ತಿರುಗುವ ಒಂದು ಕೊರವರ ಕುಟುಂಬವು ಮೂರು ಆಳಿಕೆಗಳನ್ನು ದಾಟಬೇಕು. ಒಂದರಲ್ಲಿ ಪ್ರಜೆ, ಇನ್ನೊಂದರಲ್ಲಿ ಪರದೇಶಿ, ಮತ್ತೊಂದರಲ್ಲಿ ಚೀಟಿಯಿಲ್ಲದ ಅಪರಾಧಿ! ಗಡಿಯೇ ಇಲ್ಲದ ಕನ್ನಡ ನಾಡಿನಲ್ಲಿ ಅವನು ಸಂಚಾರಿ ವ್ಯಾಪಾರಿಯಾಗಿರುತ್ತಿದ್ದನು. ಗಡಿಗಳು ಬಂದುದರಿಂದ 'ತಲೆ ತಪ್ಪಿಸಿಕೊಂಡವನು' ಆದನು. ನಾಡು ಹರಿದುಹೋದುದರ ಕಷ್ಟವನ್ನು ಧಾರವಾಡದ ವಕೀಲರೂ ಲೇಖಕರೂ ಮನಸ್ಸಿನಲ್ಲಿ ಅನುಭವಿಸಿದರು. ಅಲೆಮಾರಿಗಳು ಮೈಮೇಲೆ ಅನುಭವಿಸಿದರು. ಏಕೀಕರಣದ ಇತಿಹಾಸದಲ್ಲಿ ಅವರ ಹೆಸರನ್ನು ಬರೆದವರಿಲ್ಲ.

1948ರಲ್ಲಿ ಸಾಂಗಲಿ, ಮಿರಜ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅದೇ ವರ್ಷ ನಿಜಾಮನ ಆಳಿಕೆ ಮುಗಿಯಿತು. 1953ರಲ್ಲಿ ಬಳ್ಳಾರಿಯು ಮೈಸೂರಿಗೆ ಬಂದಿತು. 1956ರ ನವೆಂಬರ 1ರಂದು ನಾಡು ಒಂದಾಯಿತು. 1997ರಲ್ಲಿ ಗದಗು ಪ್ರತ್ಯೇಕ ಜಿಲ್ಲೆಯಾಗಿ ಈ ನಾಲ್ಕೂ ಊರುಗಳು ಅದರಲ್ಲಿ ಸೇರಿದವು. ಗಡಿಯ ಕಲ್ಲುಗಳು ಹೋದವು. ಕಾಯದೆಯ ಕಲ್ಲು ಹೋಯಿತೇ?

ಕಾಯದೆ ಹೋಯಿತು, ಕಣ್ಣು ಹೋಗಲಿಲ್ಲ

ಮುಂಬಯಿಯ ಮೊದಲನೆಯ ಕಾಂಗ್ರೆಸ್ ಮಂತ್ರಿಮಂಡಲವು ಮುನ್ಶಿಯವರ ಅಧ್ಯಕ್ಷತೆಯಲ್ಲಿ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿತು. 1939ರಲ್ಲಿ ಅದರ ವರದಿ ಬಂದಿತು. ಮುಂಬಯಿ ಪ್ರಾಂತದಲ್ಲಿ 1949ರಲ್ಲಿ ಕಾಯದೆಯನ್ನು ರದ್ದುಗೊಳಿಸಲಾಯಿತು. ಅನಂತಶಯನಂ ಅಯ್ಯಂಗಾರ ಸಮಿತಿಯು ವಿಚಾರಿಸಿದ ತರುವಾಯ 1952ರ ಆಗಸ್ಟ 31ರಂದು ಇಡೀ ಭಾರತದಲ್ಲಿ ಅದು ಕೊನೆಗಂಡಿತು. ಆ ದಿನವನ್ನೇ ಈ ಜನರು ವಿಮುಕ್ತ ದಿನವೆಂದು ಆಚರಿಸುವರು. ದೇಶಕ್ಕೆ ಸ್ವಾತಂತ್ರ್ಯ ಬಂದ ಐದು ವರುಷಗಳ ಮೇಲೆ ಅವರಿಗೆ ಸ್ವಾತಂತ್ರ್ಯ ಬಂದಿತು!

ಆದರೆ ಮುಂದಿನ ಬಾಗಿಲಿನಿಂದ ಹೊರಹಾಕಿದುದು ಹಿತ್ತಲ ಬಾಗಿಲಿನಿಂದ ಒಳಗೆ ಬಂದಿತು. ಮುಂಬಯಿಯು 1947ರಲ್ಲಿಯೇ 'ರೂಢಿಗತ ಅಪರಾಧಿಗಳ' ಕಾಯದೆಯನ್ನು ಮಾಡಿಟ್ಟಿತ್ತು. ನಮ್ಮ ಏಕೀಕೃತ ರಾಜ್ಯವೂ 1961ರಲ್ಲಿ ಅಂಥದೇ ಕಾಯದೆಯನ್ನು ಮಾಡಿತು. ಜಾತಿಯ ಹೆಸರು ತೆಗೆದು ವ್ಯಕ್ತಿಯ ಹೆಸರು ಬರೆದುದು ದೊಡ್ಡ ಅಂತರವೇ ಸರಿ, ಅದನ್ನು ಅಲ್ಲಗಳೆಯುವದಿಲ್ಲ. ಆದರೆ ಪುಸ್ತಕ ಬದಲಾದರೂ ಓದುವ ಕಣ್ಣು ಬದಲಾಗಲಿಲ್ಲ. ಕನ್ನಡಿಗರು ಕನ್ನಡಿಗರನ್ನು ಆಳುವ ಶಾಸನಸಭೆ ಬಂದು ಐದೇ ವರುಷಕ್ಕೆ ಪರಕೀಯರ ಈ ಆಸ್ತಿಯನ್ನು ನಾವು ಜೋಪಾನ ಮಾಡಬೇಕಾಗಿತ್ತೇ?

ಇದು ನಮ್ಮ ಕಲ್ಪನೆಯ ಮಾತಲ್ಲ. ಪೋಲೀಸ ಠಾಣ್ಯದ ಚರಿತ್ರೆಪುಸ್ತಕಗಳಲ್ಲಿ ಹಿಂದುಳಿದವರ ಮತ್ತು ವಿಮುಕ್ತರ ಹೆಸರುಗಳು ಯಾಂತ್ರಿಕವಾಗಿ ಸೇರಬಾರದೆಂದು ಸುಪ್ರೀಮ ಕೋರ್ಟು 2024ರ ಮೇ ತಿಂಗಳಲ್ಲಿ ಎಚ್ಚರಿಸಬೇಕಾಯಿತು. ಅದೇ ವರ್ಷದ ಅಕ್ಟೋಬರ 3ರಂದು ಸುಕನ್ಯಾ ಶಾಂತಾ ಅವರ ಮೊಕದ್ದಮೆಯಲ್ಲಿ, ಸೆರೆಮನೆಗಳ ನಿಯಮಗಳಲ್ಲಿ ಉಳಿದಿದ್ದ ಜಾತಿಭೇದವನ್ನೂ ವಿಮುಕ್ತ ಬುಡಕಟ್ಟುಗಳನ್ನು ಅಪರಾಧಿಗಳೆಂದು ಎಣಿಸುವ ಮಾತುಗಳನ್ನೂ ಅದು ರದ್ದುಗೊಳಿಸಿತು. ಕಾಯದೆ ಸತ್ತು 72 ವರುಷಗಳಾದ ಮೇಲೆ ಅದರ ನೆರಳನ್ನು ಓಡಿಸಲು ದೇಶದ ಅತ್ಯುಚ್ಚ ನ್ಯಾಯಾಲಯವೇ ಏಳಬೇಕಾಯಿತು.

ಇನ್ನೊಂದು ಮಾತು, ಇದು ವಿಶೇಷವಾಗಿ ಮಾಸ್ತರರು ಮನಸ್ಸಿಗೆ ತರತಕ್ಕದ್ದು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 'ಗಂಟಿಚೋರ' ಎಂಬ ಹೆಸರುಂಟು. ಚೋರನೆಂದರೆ ಕಳ್ಳ. ಈ ಜಾತಿಯ ಬಾಲಕನು ವಿದ್ಯಾರ್ಥಿವೇತನ ಬೇಕಾದರೆ, 'ನಾನು ಗಂಟು ಕದಿಯುವವರ ಮಗ' ಎಂದು ಸರಕಾರದ ಮುದ್ರೆ ಬಿದ್ದ ಪ್ರಮಾಣಪತ್ರವನ್ನು ಹಿಡಿದು ಕಚೇರಿಗೆ ಬರಬೇಕು. ಆರು ವರುಷದ ಕೂಸು ಏನು ಕದ್ದಿತ್ತು? ಸಹಾಯಕ್ಕೆ ಚಾಚಿದ ಕೈಯಲ್ಲಿಯೇ ಸರಕಾರವು ಬರೆಗೋಲನ್ನು ಹಿಡಿದಿರುವದು!

ಅಪರಾಧಿಯೆಂಬ ಹೆಸರನ್ನು ಅಧಿಕಾರದಲ್ಲಿದ್ದವರು ಹೇಗೆ ಹಂಚುವರೆಂಬುದನ್ನು ಈ ಸೀಮೆಯವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆನೆಂದ ಹಲಗಲಿಯ ಬೇಡರು ಅಪರಾಧಿಗಳು. 1858ರಲ್ಲಿ ಮುಂಡರಗಿಯ ಭೀಮರಾಯರು ಅಪರಾಧಿಗಳು. ನರಗುಂದದ ಬಾಬಾಸಾಹೇಬರು ಅಪರಾಧಿಗಳು. ಇಂದು ಅವರು ನಮ್ಮ ವೀರರು. ಅವರ ಮೇಲಿನ ಕಳಂಕವನ್ನು ನಾವು ಒರೆಸಿದೆವು. ಬೆಟಗೇರಿಯ ಬಡವರ ಮೇಲಿನ ಕಳಂಕವನ್ನು ಹಾಗೆಯೇ ಬಿಟ್ಟೆವು.

ಲೆಕ್ಕದ ಮಾತು

ಈಗ ಅನುದಾನಗಳ ಲೆಕ್ಕಕ್ಕೆ ಬರೋಣ. ಮಾತಿಗಿಂತ ಅಂಕಿಗಳು ಹೆಚ್ಚು ಸ್ಪಷ್ಟವಾಗಿ ನುಡಿಯುವವು.

2021-22ರಿಂದ 2025-26ರ ವರೆಗಿನ ಐದು ವರುಷಗಳಿಗೆ ಕೇಂದ್ರ ಸರಕಾರವು ಪೋಲೀಸ ಬಲದ ಆಧುನೀಕರಣದ ಒಟ್ಟು ಯೋಜನೆಗೆ 26,275 ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಿತು. ಇದರಲ್ಲಿ ದೊಡ್ಡ ಪಾಲು ಕಾಶ್ಮೀರ, ಈಶಾನ್ಯ ಸೀಮೆ, ನಕ್ಸಲರ ಹಾವಳಿಯಿರುವ ಪ್ರದೇಶಗಳದು, ಅದನ್ನು ಬಿಟ್ಟುಬಿಡೋಣ. ರಾಜ್ಯಗಳ ಪೋಲೀಸರ ಆಧುನೀಕರಣಕ್ಕೆಂದೇ 4,846 ಕೋಟಿ ಇತ್ತು. ಅದೇ ಐದು ವರುಷಗಳಿಗೆ, ವಿಮುಕ್ತ ಮತ್ತು ಅಲೆಮಾರಿ ಜನರ ವಿದ್ಯೆ, ಆರೋಗ್ಯ, ಜೀವನೋಪಾಯ, ಮನೆ—ಈ ನಾಲ್ಕಕ್ಕೂ ಸೇರಿ 2022ರ ಫೆಬ್ರುವರಿಯಲ್ಲಿ ಹೊರಟ 'ಸೀಡ್' ಯೋಜನೆಗೆ ಗೊತ್ತಾದ ಹಣ 200 ಕೋಟಿ. ಅಂದರೆ ಕಾಯುವವನಿಗೆ ಇಪ್ಪತ್ತನಾಲ್ಕು ಪಾಲು. ಕಾಯಲ್ಪಡುವವನಿಗೆ ಒಂದು ಪಾಲು!

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ರೇಣಕೆ ಆಯೋಗವು 2008ರಲ್ಲಿ ಕೊಟ್ಟ ಅಂದಾಜಿನಂತೆ ಈ ಜನರ ಸಂಖ್ಯೆ 10 ಕೋಟಿಗೂ ಮಿಕ್ಕಿದ್ದು. ಐದು ವರುಷಕ್ಕೆ 200 ಕೋಟಿಯೆಂದರೆ ವರುಷಕ್ಕೆ 40 ಕೋಟಿ; ತಲೆಗೆ ವರುಷಕ್ಕೆ 4 ರೂಪಾಯಿ. ಗದಗಿನ ಪೇಟೆಯಲ್ಲಿ 4 ರೂಪಾಯಿಗೆ ಒಂದು ಕಪ್ಪು ಚಹವೂ ಬಾರದು. ಈ ಅಲ್ಪ ಹಣವಾದರೂ ಸಕಾಲಕ್ಕೆ ಮುಟ್ಟಿತೇ ಎಂದರೆ, ವೆಚ್ಚದ ಮಂದಗತಿಯ ವಿಷಯದಲ್ಲಿ ಪಾರ್ಲಿಮೆಂಟಿನ ಸ್ಥಾಯೀ ಸಮಿತಿಯೇ ಅಸಮಾಧಾನವನ್ನು ತೋರಿಸಬೇಕಾಯಿತು. ಇದಾತೆ ಆಯೋಗವು 2018ರ ಆರಂಭದಲ್ಲಿ ಒಪ್ಪಿಸಿದ ವರದಿಯಲ್ಲಿ 1,500ಕ್ಕೂ ಮಿಕ್ಕಿದ ಸಮುದಾಯಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ 250ಕ್ಕೂ ಮಿಕ್ಕಿದವು ಯಾವ ಮೀಸಲಾತಿಯ ಪಟ್ಟಿಯಲ್ಲಿಯೂ ಸೇರದೆ ಉಳಿದಿದ್ದವು.

ನ್ಯಾಯಾಲಯಗಳ ಕಡೆಗೆ ನೋಡಿದರೆ ಇನ್ನೊಂದು ವಿಚಿತ್ರ. 13ನೆಯ ಹಣಕಾಸು ಆಯೋಗವು 2010ರಿಂದ 2015ರ ವರೆಗೆ ನ್ಯಾಯದಾನದ ಸುಧಾರಣೆಗೆಂದು 5,000 ಕೋಟಿ ಅನುದಾನವನ್ನು ಶಿಫಾರಸು ಮಾಡಿತು. ಅದರಲ್ಲಿ ಪುರಾತನ ಕೋರ್ಟುಕಟ್ಟಡಗಳ ಜೀರ್ಣೋದ್ಧಾರಕ್ಕೆ 450 ಕೋಟಿ. ಲೋಕ ಅದಾಲತ ಮತ್ತು ಬಡವರ ಕಾನೂನು ನೆರವಿಗೆ 300 ಕೋಟಿ! ಗೋಡೆಗೆ ಸುಣ್ಣ ಬಡಿಯುವದು ಬಡವನಿಗೆ ವಕೀಲನನ್ನು ಕೊಡುವದಕ್ಕಿಂತ ಒಂದೂವರೆ ಪಟ್ಟು ಅವಶ್ಯವೆನಿಸಿತು. ಇಷ್ಟಾಗಿಯೂ ಆ 5,000 ಕೋಟಿಯಲ್ಲಿ ನಿಜವಾಗಿ ವೆಚ್ಚವಾದುದು ಸುಮಾರು ಐದನೆಯ ಒಂದು ಪಾಲು. ಉಳಿದುದು ಕಾಗದದಲ್ಲಿ ಹುಟ್ಟಿ ಕಾಗದದಲ್ಲಿಯೇ ಸಮಾಧಿಯಾಯಿತು.

2025ರ ಇಂಡಿಯಾ ಜಸ್ಟಿಸ್ ರಿಪೋರ್ಟ ಎಂಬ ವರದಿಯನ್ನು ನೋಡಿರಿ. ದೇಶದಲ್ಲಿ ತಲೆಗೆ ವರುಷಕ್ಕೆ ಪೋಲೀಸರಿಗಾಗಿ ವೆಚ್ಚವಾಗುವದು 1,275 ರೂಪಾಯಿ, ನ್ಯಾಯಾಲಯಕ್ಕೆ 182, ಸೆರೆಮನೆಗೆ 57, ಕಾನೂನಿನ ನೆರವಿಗೆ 6 ರೂಪಾಯಿ ಚಿಲ್ಲರೆ. ಹಿಡಿಯುವದಕ್ಕೆ ಸಾವಿರ, ಬಿಡಿಸುವದಕ್ಕೆ ಆರು! ಸೆರೆಮನೆಗಳಲ್ಲಿರುವ ನೂರು ಜನರಲ್ಲಿ ಸುಮಾರು 75 ಜನರು ಇನ್ನೂ ವಿಚಾರಣೆಯೇ ಮುಗಿಯದವರೆಂದರೆ ಆಶ್ಚರ್ಯವೇನು?

ರಾಜ್ಯದೊಳಗಿನ ಹಂಚಿಕೆಯೂ ಇದೇ ಬಗೆಯದು. ನಿರ್ಭಯಾ ನಿಧಿಯಿಂದ ದೇಶದ ಎಂಟು ಮಹಾನಗರಗಳಿಗೆ ಸುರಕ್ಷೆಯ ಯೋಜನೆಗಳು ಮಂಜೂರಾದಾಗ ಬೆಂಗಳೂರೊಂದಕ್ಕೇ 667 ಕೋಟಿ ರೂಪಾಯಿ ಗೊತ್ತಾಯಿತು. ಬೆಂಗಳೂರಿನ ತಾಯಂದಿರು ಸುರಕ್ಷಿತರಾಗಿರಲಿ, ನಮಗೆ ಮತ್ಸರವಿಲ್ಲ. ಆದರೆ ಕಪ್ಪತಗುಡ್ಡದ ಮಗ್ಗುಲಿನ ತಾಂಡೆಯಿಂದ ಕತ್ತಲಲ್ಲಿ ಕೂಲಿಗೆ ಹೋಗಿ ಬರುವ ಹೆಣ್ಣುಮಗಳೂ ಕನ್ನಡತಿಯೇ ಅಲ್ಲವೇ?

ಆಕ್ಷೇಪಗಳಿಗೆ ಉತ್ತರ

ಒಂದನೆಯ ಆಕ್ಷೇಪ: 'ಕಳವು ನಡೆಯುವದು ಸುಳ್ಳೇ? ಪೋಲೀಸರು ಕೈಕಟ್ಟಿ ಕೂಡ್ರಬೇಕೇ?' ಕೂಡ್ರಬಾರದು. ಕಳವಾದರೆ ಹೆಚ್ಚಾಗಿ ಅಳುವವನು ಬಡವನೇ. ಕದ್ದವನಿಗೆ ಶಿಕ್ಷೆಯಾಗಲೇಬೇಕು. ಆದರೆ ಕಳ್ಳನೆಂದರೆ ಕದ್ದವನು. ಕದ್ದವನ ಕೇರಿಯಲ್ಲಿ ಹುಟ್ಟಿದವನಲ್ಲ. ಕೇರಿಯನ್ನು ಸುತ್ತುವರಿದು ಹತ್ತು ಜನರನ್ನು ಎಳೆದೊಯ್ಯುವ ಪದ್ಧತಿಯಿಂದ ನಿಜವಾದ ಕಳ್ಳನಿಗೇ ಲಾಭ. ವೈಜ್ಞಾನಿಕ ತಪಾಸಣೆಗೆ ಹಣ ಕೊಡಿರಿ, ನಾವು ಸ್ವಾಗತಿಸುವೆವು. ಬೆರಳಿನ ಗುರುತು ಜಾತಿಯನ್ನು ನೋಡುವದಿಲ್ಲ.

ಎರಡನೆಯ ಆಕ್ಷೇಪ: 'ನ್ಯಾಯದಾನದ ವ್ಯವಸ್ಥೆಯಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲನೆಯದು.' ನಿಜ. ಅದೇ ಜಸ್ಟಿಸ್ ರಿಪೋರ್ಟಿನಲ್ಲಿ ದೊಡ್ಡ ರಾಜ್ಯಗಳೊಳಗೆ 2022ರಲ್ಲಿಯೂ 2025ರಲ್ಲಿಯೂ ನಮ್ಮ ರಾಜ್ಯವು ಮೊದಲನೆಯ ಸ್ಥಾನವನ್ನು ಪಡೆಯಿತು. ಕನ್ನಡಿಗರಿಗೆ ಅಭಿಮಾನದ ಸಂಗತಿ. ಆದರೆ ಕುಂಟರ ಓಟದಲ್ಲಿ ಮುಂದಾದವನಿಗೆ ತನ್ನ ಕಾಲಿನ ಚಿಕಿತ್ಸೆ ಬೇಡವೇ? ಮೊದಲಿಗರಾದವರೇ ಈ ಕೆಲಸಕ್ಕೂ ಮೊದಲು ಕೈಹಾಕಬೇಕು.

ಮೂರನೆಯ ಆಕ್ಷೇಪ: 'ಲಂಬಾಣಿ, ಕೊರಮ, ಕೊರಚ, ಭೋವಿಗಳಿಗೆ ಮೀಸಲಾತಿ ಸಿಕ್ಕಿದೆಯಲ್ಲ!' ಸಿಕ್ಕಿತು, ಯಾವಾಗ? ಹಳೆಯ ಮೈಸೂರಿನಲ್ಲಿದ್ದವರಿಗೆ ಮೊದಲು. ನಮ್ಮ ಭಾಗದವರಿಗೆ, ಪ್ರದೇಶದ ನಿರ್ಬಂಧಗಳನ್ನು ತೆಗೆದುಹಾಕಿದ 1976ರ ಕಾಯದೆಯು 1977ರಲ್ಲಿ ಜಾರಿಯಾದ ಮೇಲೆ. ನಾಡು ಒಂದಾದ ಇಪ್ಪತ್ತು ವರುಷಗಳ ವರೆಗೂ ಒಂದೇ ಜಾತಿಯ ಅಣ್ಣತಮ್ಮಂದಿರು ಹಳೆಯ ಗಡಿಗಳಿಗೆ ತಕ್ಕಂತೆ ಬೇರೆ ಬೇರೆ ಎಣಿಕೆಯಲ್ಲಿದ್ದರು. ಇಂದಿಗೂ ಗಡಿಯಾಚೆ ಸೊಲ್ಲಾಪುರದ ಕಡೆಯ ವಡ್ಡರು, ಬಂಜಾರರು ಮಹಾರಾಷ್ಟ್ರದ 'ವಿಮುಕ್ತ ಜಾತಿ'ಗಳ ಪಟ್ಟಿಯಲ್ಲಿದ್ದಾರೆ. ಈಚೆಗಿನ ಅವರ ಬಂಧುಗಳು ಪರಿಶಿಷ್ಟ ಜಾತಿಯವರು. ಮಹಾಜನ ಆಯೋಗವು 1967ರಲ್ಲಿಯೇ ಅಕ್ಕಲಕೋಟೆಯೂ ಜತ್ತ, ದಕ್ಷಿಣ ಸೊಲ್ಲಾಪುರಗಳ ಹಲವು ಹಳ್ಳಿಗಳೂ ನಮಗೆ ಸೇರತಕ್ಕವೆಂದು ಹೇಳಿತು. ಆ ವರದಿ ಕಪಾಟಿನಲ್ಲಿ ಮಲಗಿದೆ. ಗಡಿಯ ಪ್ರಶ್ನೆಯು ಕೇವಲ ನಕಾಶೆಯ ಪ್ರಶ್ನೆಯೆಂದು ತಿಳಿದವರು ಈ ಕುಟುಂಬಗಳನ್ನು ಕೇಳಿ ನೋಡಲಿ.

ಏನು ಮಾಡಬೇಕು?

ಕೇವಲ ದೂರಿಕೊಳ್ಳುವದು ಪತ್ರಿಕೆಯ ಧರ್ಮವಲ್ಲ, ಉಪಾಯವನ್ನೂ ಸೂಚಿಸಬೇಕು.

ಮೊದಲನೆಯದಾಗಿ, ಅಪರಾಧ-ನಿವಾರಣೆಯ ಹೆಸರಿನಲ್ಲಿ ಬರುವ ಪ್ರತಿಯೊಂದು ಅನುದಾನದ ಐದನೆಯ ಒಂದು ಪಾಲನ್ನು ಸೆಟ್ಲಮೆಂಟು, ತಾಂಡೆ, ಅಲೆಮಾರಿಗಳ ಕೇರಿಗಳಲ್ಲಿ ಶಾಲೆ, ವಿದ್ಯಾರ್ಥಿನಿಲಯ, ಕಸುಬಿನ ಶಿಕ್ಷಣಗಳಿಗೆ ತೆಗೆದಿಡುವಂತೆ ನಿಯಮವಾಗಬೇಕು. ಬೆಳೆಯು ಚೆನ್ನಾಗಿದ್ದರೆ ಬೇಲಿಯ ವೆಚ್ಚ ತಾನೇ ತಗ್ಗುವದು.

ಎರಡನೆಯದಾಗಿ, ನಿಂತ ನೆಲದ ಹಕ್ಕುಪತ್ರ. ಕಾಗದವಿಲ್ಲದ ಮನೆಯಲ್ಲಿ ಇರುವವನನ್ನು ಯಾರು ಬೇಕಾದರೂ ಬೆದರಿಸಬಹುದು. ಇದು ಅಸಾಧ್ಯವೆಂದು ಯಾರೂ ಹೇಳಕೂಡದು. 2023ರ ಜನವರಿ 19ರಂದು ಕಲಬುರ್ಗಿ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ 50,000ಕ್ಕೂ ಮಿಕ್ಕಿದ ತಾಂಡೆಯ ಕುಟುಂಬಗಳಿಗೆ ಹಕ್ಕುಪತ್ರಗಳ ವಿತರಣೆಯಾಯಿತು. ಮಳಖೇಡದಲ್ಲಿ ಆದುದು ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಪ್ರತಿಯೊಂದು ತಾಂಡೆಗೂ, ಬೆಟಗೇರಿಯ ಪ್ರತಿಯೊಂದು ಮನೆಗೂ ಏಕೆ ಆಗಬಾರದು?

ಮೂರನೆಯದಾಗಿ, ಠಾಣ್ಯಕ್ಕೆ ಕರೆದ ಮೊದಲನೆಯ ಗಳಿಗೆಯಿಂದ ಬಡವನ ಪಕ್ಕದಲ್ಲಿ ವಕೀಲನಿರಬೇಕು. ಆ ವಕೀಲನ ಸಂಬಳಕ್ಕೆ ಅನುದಾನದಲ್ಲಿ ಹಣವಿರಬೇಕು. ಚರಿತ್ರೆಪುಸ್ತಕಗಳನ್ನು ವರುಷಕ್ಕೊಮ್ಮೆ ನ್ಯಾಯಾಧೀಶರ ಮುಂದೆ ಪರಿಶೀಲಿಸಿ, ಸಕಾರಣವಿಲ್ಲದ ಹೆಸರುಗಳನ್ನು ಅಳಿಸಬೇಕು.

ನಾಲ್ಕನೆಯದಾಗಿ, ಕಾಗದಗಳು ಕನ್ನಡದಲ್ಲಿರಬೇಕು. ತನ್ನನ್ನು ಏಕೆ ಶಿಕ್ಷಿಸಿದರು ಎಂಬುದನ್ನು ಆರೋಪಿಯು ತನ್ನ ಮಗನಿಂದ ಓದಿಸಿಕೊಂಡು ತಿಳಿಯುವಂತಿರಬೇಕು. ಎಷ್ಟು ಹಣ ಬಂದಿತು, ಎಷ್ಟು ವೆಚ್ಚವಾಯಿತು, ಎಷ್ಟು ಮರಳಿ ಹೋಯಿತು ಎಂಬ ಲೆಕ್ಕವನ್ನು ವರುಷಕ್ಕೊಮ್ಮೆ ತಾಲೂಕು ಕಚೇರಿಯ ಗೋಡೆಗೆ ಕನ್ನಡದಲ್ಲಿ ಹಚ್ಚಬೇಕು. ಕನ್ನಡದ ರಾಜ್ಯವೆಂದರೆ ಧ್ವಜವಷ್ಟೇ ಅಲ್ಲ, ಲೆಕ್ಕವೂ ಕನ್ನಡದಲ್ಲಿರಬೇಕು.

ಐದನೆಯದಾಗಿ, 'ಗಂಟಿಚೋರ' ಎಂಬ ಹೆಸರು ಹೋಗಿ, ಆ ಸಮುದಾಯದವರು ತಾವೇ ಆರಿಸಿಕೊಂಡ ಹೆಸರು ಬರಬೇಕು. ಪಟ್ಟಿಯನ್ನು ತಿದ್ದುವ ಅಧಿಕಾರವು ಪಾರ್ಲಿಮೆಂಟಿನದು. ಆದರೆ ಶಿಫಾರಸು ಮಾಡುವ ನಾಲಗೆ ಬೆಂಗಳೂರಿಗೂ ಉಂಟು.

ಇಷ್ಟೆಲ್ಲ ದೊಡ್ಡ ಕೆಲಸವನ್ನು ಸಣ್ಣ ಊರಿನವರು ಹೇಗೆ ಎತ್ತುವದೆಂದು ಹಿಂಜರಿಯಬೇಕಾಗಿಲ್ಲ. 1905ರಲ್ಲಿ ಇದೇ ಗದಗಿನ ಮಗ್ಗುಲಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಒಂದು ಸಹಕಾರಿ ಪತ್ತಿನ ಸಂಘವನ್ನು ಹುಟ್ಟಿಸಿ ದೇಶಕ್ಕೇ ದಾರಿ ತೋರಿದರು. ಸಾಹುಕಾರನ ಬಡ್ಡಿಯಲ್ಲಿ ಸಿಕ್ಕಿ ಬಿದ್ದ ಒಕ್ಕಲಿಗನಿಗೆ ಅವರು ಬುದ್ಧಿವಾದ ಹೇಳಲಿಲ್ಲ, ಕಾವಲುಗಾರನನ್ನು ಕಳಿಸಲಿಲ್ಲ. ವಿಶ್ವಾಸವಿಟ್ಟು ಸಾಲ ಕೊಟ್ಟರು. ಮನುಷ್ಯನನ್ನು ನಂಬಿ ಕೊಟ್ಟ ಒಂದು ರೂಪಾಯಿಯು ಮನುಷ್ಯನನ್ನು ಸಂಶಯಿಸಿ ವೆಚ್ಚ ಮಾಡಿದ ಹತ್ತು ರೂಪಾಯಿಗಿಂತ ಹೆಚ್ಚು ಫಲ ಕೊಡುವದೆಂಬುದಕ್ಕೆ ಕಣಗಿನಹಾಳವೇ ಸಾಕ್ಷಿ. ಸೆಟ್ಲಮೆಂಟೂ ಕಣಗಿನಹಾಳವೂ ಒಂದೇ ಸೀಮೆಯಲ್ಲಿ, ಸುಮಾರು ಒಂದೇ ಕಾಲದಲ್ಲಿ ಹುಟ್ಟಿದವು. ಒಂದು ಬೇಲಿಯ ದಾರಿ, ಇನ್ನೊಂದು ನಂಬಿಕೆಯ ದಾರಿ. ನೂರು ವರುಷಗಳ ಮೇಲೂ ನಮ್ಮ ಅನುದಾನಗಳು ಮೊದಲನೆಯ ದಾರಿಯನ್ನೇ ಹಿಡಿದು ನಡೆದಿವೆ.

ಕೊನೆಗೆ ವಾಚಕರಲ್ಲಿ ಒಂದು ಬಿನ್ನಹ. ಸರಕಾರವನ್ನು ದೂರುವ ಮೊದಲು ನಮ್ಮ ಎದೆಯ ಮೇಲೆ ಕೈಯಿಟ್ಟುಕೊಳ್ಳೋಣ. ಪೇಟೆಯಲ್ಲಿ ಒಂದು ಅಂಗಡಿ ಒಡೆದರೆ ನಮ್ಮ ಬೆರಳು ಮೊದಲು ಯಾವ ಕೇರಿಯ ಕಡೆಗೆ ಹೋಗುವದು? ತರಗತಿಯಲ್ಲಿ ಒಂದು ಪೆನ್ನು ಕಳೆದರೆ ಮಾಸ್ತರರ ಕಣ್ಣು ಮೊದಲು ಯಾವ ಬೆಂಚಿನ ಕಡೆಗೆ ಹೊರಳುವದು? 1871ರ ಕಾಯದೆಯನ್ನು ಪಾರ್ಲಿಮೆಂಟು ರದ್ದುಮಾಡಿತು; ನಮ್ಮೊಳಗಿನ ಕಾಯದೆಯನ್ನು ರದ್ದುಮಾಡುವ ಅಧಿಕಾರವು ನಮಗೇ ಉಂಟು, ಅದಕ್ಕೆ ಯಾವ ಅನುದಾನವೂ ಬೇಡ. ಪಟ್ಟಣಿಗರು ಮುನ್ಸಿಪಾಲಿಟಿಯ ಸದಸ್ಯರನ್ನೂ ಶಾಸಕರನ್ನೂ ಲೆಕ್ಕ ಕೇಳಲಿ. ಮಾಸ್ತರರು ಆ ಕೇರಿಯ ಮಕ್ಕಳನ್ನು ಮುಂದಿನ ಬೆಂಚಿನ ಮೇಲೆ ಕೂಡ್ರಿಸಲಿ.

ಕರ್ನಾಟಕವು ಒಂದಾಗಬೇಕೆಂದು ಹಿರಿಯರು ಹೋರಾಡಿದುದು ಐದು ಸರಕಾರಗಳಲ್ಲಿ ಹರಿದಿದ್ದ ನೆಲವನ್ನು ಹೊಲಿಯುವದಕ್ಕಾಗಿ. ನೆಲವನ್ನು ಹೊಲಿದುದಾಯಿತು. ಬೆಟಗೇರಿಯ ಸೆಟ್ಲಮೆಂಟಿಗೂ ಗದಗಿನ ಪೇಟೆಗೂ ನಡುವೆ ಇರುವ ಹರಕು ಇನ್ನೂ ಹಾಗೆಯೇ ಇದೆ. ಅದನ್ನು ಹೊಲಿಯದ ಹೊರತು ಏಕೀಕರಣದ ಕಾರ್ಯವು ಮುಗಿಯಿತೆಂದು ನಾವು ಒಪ್ಪಲಾರೆವು.